ನಾಗಭೂಷಣ ಬರೆದ ‘ಅವಸರ’

ಆ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ನಾಗಭೂಷಣ ರೆಕಾರ್ಡ್ ರೂಮಿನ ಬೀಗವನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದ. ಪ್ರತಿ ಸಲವೂ ಅಲ್ಮಾರಿಯೊಳಗಿದ್ದ ಹಸಿರು ರಟ್ಟಿನ ಪುಸ್ತಕವನ್ನು ಮುಟ್ಟಿದ, ಆದರೆ ಕೈಗೆ ತೆಗೆದುಕೊಳ್ಳಲಿಲ್ಲ. ಮೂರನೆಯ ಸಲ ಹೊರಬಂದಾಗ, ಕಾರಿಡಾರಿನ ನೆಲ ಒರೆಸುತ್ತಿದ್ದ ದಸ್ತಗಿರಮ್ಮನಿಗೆ ಸುಮ್ಮನಿರಲಾಗಲಿಲ್ಲ.

“ಏನ್ ಸಾರ್, ಇವತ್ತು ಕಾಲಿಗಿ ಚಕ್ರ ಕಟ್ಟಿಗೊಂಡು ಬಂದೀರೇನು? ಒರೆಸಿದ್ದರ ಮ್ಯಾಲೇ ತುಳಿಯಾಕತ್ತೀರಿ.”

“ಹೊರಗ ಹೊಂಟಿದ್ದೆ ಬೇ.”

“ಹೊರಗ ಹೋಗೋದಾದ್ರ ಹೊರಗ ಹೋಗ್ರಿ, ಒಳಗ ಇರೋದಾದ್ರ ಒಳಗ ಇರ್ರಿ. ನನ್ನ ನೆಲ ಏನು ಪಾಪ ಮಾಡೈತಿ?”

ಅವನಿಗೆ ನಗು ಬರಲಿಲ್ಲ. ಹನ್ನೊಂದಕ್ಕೆ ಸಭೆ ಇತ್ತು. ಆ ಸಭೆಯಲ್ಲಿ ಡಾಕ್ಟರ್ ಹೇಮಾವತಿ ಈ ಆಸ್ಪತ್ರೆಯಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದು ತೀರ್ಮಾನವಾಗುವುದಿತ್ತು. ಅದು ನಿಂತಿದ್ದುದು ಒಂದೇ ಒಂದು ಪದದ ಮೇಲೆ. ಆ ಪದ ಬರೆದವನು ನಾಗಭೂಷಣ.

ತೆಲುಗು ಸೀಮೆಯ ಆದೋನಿಯ ಹತ್ತಿ ವ್ಯಾಪಾರಿಗಳು ಸೇರಿ ಕಟ್ಟಿಸಿದ ಟ್ರಸ್ಟ್ ಆಸ್ಪತ್ರೆ ಅದು. ನಾಗಭೂಷಣ ಅಲ್ಲಿ ಗುಮಾಸ್ತನಾಗಿ ಸೇರಿದಾಗ ಅವನಿಗೆ ಇಪ್ಪತ್ತೆರಡು, ಈಗ ಐವತ್ತೇಳು. ಹುಟ್ಟಿದ್ದು ತುಂಗಭದ್ರೆಯ ದಡದ ಮಾಧವರಂನಲ್ಲಿ. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ತೆಲುಗು. ಕನ್ನಡ ಅಕ್ಷರಗಳನ್ನು ಅಜ್ಜನ ಪಕ್ಕ ಕೂತು ತಾನಾಗಿಯೇ ತಿದ್ದಿ ಕಲಿತಿದ್ದ. ಆದ್ದರಿಂದಲೋ ಏನೋ, ಬರೆಯುವಾಗ ತುಂಬ ಎಚ್ಚರ. ಅವನ ಬರಹದಲ್ಲಿ ಚಿತ್ತು ಇರುತ್ತಿರಲಿಲ್ಲ. ಮದುವೆ ಕಾಗದವನ್ನೋ ಅರ್ಜಿಯನ್ನೋ ಬರೆಸಲು ಪೆದ್ದಕಡುಬೂರಿನಿಂದಲೂ ಜನ ಬರುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದೆ ಆಗಿನ ದೊಡ್ಡ ಡಾಕ್ಟರು ಗುರುಪಾದಯ್ಯ ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡಿದ್ದರು. ಹಿಂದಿನ ದಿನ ಟ್ರಸ್ಟಿಯೊಬ್ಬರು ತಮ್ಮ ನೆಂಟರಿಗೆ ಹಾಸಿಗೆ ಬೇಕೆಂದು, ಇನ್ನೂ ವಾಸಿಯಾಗದ ರೋಗಿಯೊಬ್ಬನನ್ನು ಫೋನಿನಲ್ಲೇ ಮನೆಗೆ ಕಳಿಸಿಬಿಟ್ಟಿದ್ದರು. ಗುರುಪಾದಯ್ಯನವರು ಮೇಜು ಗುದ್ದಿ, “ಬರಿಯೋ. ಡಾಕ್ಟ್ರಿಗಿ ಒಂದು ನಿಯಮಾವಳಿ ಬೇಕು” ಎಂದಿದ್ದರು. ಅವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳುತ್ತ ಹೋದರು, ಇವನು ಕನ್ನಡದಲ್ಲಿ ಬರೆಯುತ್ತ ಹೋದ. ಹಸಿರು ರಟ್ಟಿನ ಪುಸ್ತಕ ಹುಟ್ಟಿದ್ದು ಹಾಗೆ. ಅದರ ಏಳನೆಯ ನಿಯಮ ಹೀಗಿತ್ತು:

‘ವೈದ್ಯರಿಗೆ ಅವಸರವೆನಿಸಿದಲ್ಲಿ ರೋಗಿಯನ್ನು ಇರಿಸಿಕೊಳ್ಳುವ ತೀರ್ಮಾನ ಅವರದೇ. ಆಡಳಿತದವರು ಅದರಲ್ಲಿ ಕೈಹಾಕತಕ್ಕದ್ದಲ್ಲ.’

ಕೊನೆಯ ನಿಯಮ ಇನ್ನೂ ಗಟ್ಟಿ. ಟ್ರಸ್ಟಿನವರು, ವೈದ್ಯರು ಇಬ್ಬರೂ ಒಪ್ಪಿ ಸಹಿ ಹಾಕದೆ ಈ ಪುಸ್ತಕದ ಒಂದಕ್ಷರವನ್ನೂ ಬದಲಾಯಿಸುವಂತಿಲ್ಲ.

ಮರುವರ್ಷ ನಾಗಭೂಷಣನ ಮದುವೆಯಾಯಿತು. ಹೆಂಡತಿ ಅಕ್ಕನಾಗಮ್ಮ ಸಿರುಗುಪ್ಪದ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಬಂದ ಹೊಸತರಲ್ಲಿ ಒಂದು ದಿನ “ಚಾ ಮಾಡ್ಲೇನ್ರಿ?” ಎಂದು ಕೇಳಿದಳು. “ಈಗ ಅವಸರ ಇಲ್ಲ” ಎಂದ. ಅರ್ಧ ಗಂಟೆ ಬಿಟ್ಟು ಆಕೆ ಲೋಟ ತಂದು ಮುಂದಿಟ್ಟಳು.

“ಬ್ಯಾಡ ಅಂದಿದ್ನೆಲ್ಲ?”

“ಅವಸರ ಇಲ್ಲ ಅಂದ್ರಿ. ನಿಧಾನಕ್ಕ ಕಾಸಿ ತಂದೀನಿ.”

“ಅವಸರ ಇಲ್ಲ ಅಂದ್ರ ಬೇಕಾಗಿಲ್ಲ ಅಂತ.”

“ಅಯ್ಯ ನಮ್ಮಪ್ಪ! ಅದು ತೆಲುಗಿನಾಗ. ಕನ್ನಡದಾಗ ಅವಸರ ಅಂದ್ರ ಗಡಿಬಿಡಿ. ಇಷ್ಟು ಚಂದ ಬರೀತೀರಿ, ಇದು ಗೊತ್ತಿಲ್ಲೇನು ನಿಮಗ?”

ಅವಳು ಬಿದ್ದು ಬಿದ್ದು ನಕ್ಕಳು. ಅವನು ಚಹಾ ಕುಡಿಯಲಿಲ್ಲ. ಏಳನೆಯ ನಿಯಮ ಕಣ್ಣ ಮುಂದೆ ಬಂದು ನಿಂತಿತ್ತು. ಡಾಕ್ಟರಿಗೆ ಅಗತ್ಯವೆನಿಸಿದರೆ ಎಂಬ ಅರ್ಥದಲ್ಲಿ ಗುರುಪಾದಯ್ಯನವರು ತೆಲುಗಿನಲ್ಲಿ ‘ಅವಸರಂ’ ಎಂದಿದ್ದರು. ಇವನು ಅದೇ ಪದವನ್ನು ಕನ್ನಡದಲ್ಲಿ ಇಳಿಸಿದ್ದ. ತಿದ್ದಬೇಕೆಂದರೆ ಎಲ್ಲರನ್ನೂ ಸೇರಿಸಿ ಸಹಿ ಹಾಕಿಸಬೇಕು, ಎಲ್ಲರ ಮುಂದೆ ತಪ್ಪು ಹೇಳಬೇಕು. ನಾಳೆ ಹೇಳಿದರಾಯಿತು ಎಂದುಕೊಂಡ. ಗುರುಪಾದಯ್ಯನವರು ತೀರಿಹೋದರು. ನಾಳೆಗಳು ಹೋಗುತ್ತಲೇ ಇದ್ದವು.

ಈಗ ಎರ್ರಮ್ಮ ಬಂದಿದ್ದಳು. ಪೆದ್ದಕಡುಬೂರಿನ ಕುರಿಗಾಹಿಗಳ ಮನೆಯಾಕೆ. ಹೊಟ್ಟೆಯ ಆಪರೇಷನ್ ಆಗಿ ಐದು ದಿನವಾಗಿತ್ತು. ಟ್ರಸ್ಟಿನ ಹೊಸ ಕಾರ್ಯದರ್ಶಿ ಚೇತನ, ಆಪರೇಷನ್ ಆದವರು ನಾಲ್ಕನೆಯ ದಿನ ಹಾಸಿಗೆ ಬಿಡಬೇಕೆಂದು ಆಜ್ಞೆ ಹೊರಡಿಸಿದ್ದ. ಹೇಮಾವತಿ ಮೇಡಂ ಎರ್ರಮ್ಮನ ಕೇಸ್ ಶೀಟಿನಲ್ಲಿ, ಆಕೆ ಇನ್ನೂ ಇರಬೇಕೆಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಚೇತನ ಹಸಿರು ಪುಸ್ತಕ ತರಿಸಿಕೊಂಡು ಓದಿ, ಇಲ್ಲಿ ಅವಸರವೇನೂ ಇಲ್ಲ ಎಂದ. ಡಿಸ್ಚಾರ್ಜಿಗೆ ಸಹಿ ಹಾಕಬೇಕು, ಇಲ್ಲವೆ ಶುಕ್ರವಾರದ ಸಭೆಯಲ್ಲಿ ಆಸ್ಪತ್ರೆಯ ವೈದ್ಯರ ಪಟ್ಟಿಯಿಂದ ಹೆಸರು ತೆಗೆಯಲಾಗುವುದು ಎಂದು ಮೇಡಂಗೆ ನೋಟೀಸು ಕಳಿಸಿದ.

ಹತ್ತೂವರೆಗೆ ನಾಗಭೂಷಣ ವಾರ್ಡಿನ ಬಾಗಿಲಿಗೆ ಬಂದು ನಿಂತ. ಹೇಮಾವತಿ ಎರ್ರಮ್ಮನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಕರ್ನೂಲಿನವರು, ಕನ್ನಡ ಮಾತಾಡುತ್ತಾರೆ, ಓದಲು ಬಾರದು.

“ಮೇಡಂ, ಸಹಿ ಹಾಕ್ತೀರೇನ್ರಿ?”

“ಯಾಕ ಹಾಕ್ಲಿ? ನಾನು ಸೇರಿದ ದಿನ ಆ ಪುಸ್ತಕ ನನಗ ಓದಿ ಹೇಳಿದವರು ನೀವೇ. ಡಾಕ್ಟ್ರಿಗಿ ಅವಸರ ಅನಿಸಿದ್ರ ಅಂತ ಓದಿದ್ರಿ. ನನಗ ಅವಸರ ಅನಿಸೈತಿ, ಇಟ್ಕೊಂಡೀನಿ. ಅಷ್ಟೇ ಅಲ್ಲೇನು?”

ಅವರು ತೆಲುಗಿನ ಕಿವಿಯಿಂದ ಕೇಳಿಸಿಕೊಂಡಿದ್ದರು. ನಾಗಭೂಷಣ ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿ, ತಿರುಗಿ ನಡೆದ. ಈ ಸಲ ಬೀಗ ತೆಗೆದವನು ಪುಸ್ತಕವನ್ನು ಕೈಗೆ ತೆಗೆದುಕೊಂಡ.

ಸಭೆಯಲ್ಲಿ ಟ್ರಸ್ಟಿನ ಅಧ್ಯಕ್ಷರಾದ ಮುದುಕ ಸೋಮಶೇಖರಪ್ಪ, ನಾಲ್ವರು ಟ್ರಸ್ಟಿಗಳು, ಮೂವರು ಡಾಕ್ಟರರು ಕೂತಿದ್ದರು. ಚೇತನ ಏಳನೆಯ ನಿಯಮ ಓದಿ ತಲೆ ಎತ್ತಿದ.

“ಅವಸರ ಅಂದ್ರ ಎಮರ್ಜೆನ್ಸಿ. ಎರ್ರಮ್ಮ ನಿನ್ನೆ ತಾನೇ ಎದ್ದು ಬಾತ್‌ರೂಮಿಗಿ ಹೋಗ್ಯಾಳ. ಇದ್ರಾಗ ಎಮರ್ಜೆನ್ಸಿ ಎಲ್ಲೈತಿ?”

“ದಿನಾ ಸಂಜಿಗಿ ಸಣ್ಣಗ ಜ್ವರ ಬರ್ತೈತಿ. ಹೊಟ್ಟಿ ಒಳಗ ಏನು ನಡದೈತಿ ಅಂತ ಇನ್ನೆರಡು ದಿನ ನೋಡ್ಬೇಕು” ಎಂದರು ಹೇಮಾವತಿ. “ಎಮರ್ಜೆನ್ಸಿ ಆಗೋತನ ಕಾಯೋದಾದ್ರ ನಾನ್ಯಾಕ್ರಿ ಬೇಕು? ಆಂಬುಲೆನ್ಸ್ ಇದ್ರ ಸಾಕಲ್ಲ. ಅದೂ ಅಲ್ದ, ಅವಸರಂ ಅಂದ್ರ ಅಗತ್ಯ.”

“ಅದು ತೆಲುಗು ಮೇಡಂ. ಕನ್ನಡ ಪುಸ್ತಕಕ್ಕ ಕನ್ನಡದ ಅರ್ಥ.”

ಸೋಮಶೇಖರಪ್ಪ ಬರೆದವನ ಕಡೆ ತಿರುಗಿದರು. “ಏನಪ ನಾಗಭೂಷಣ, ನಿನ್ನ ಪುಸ್ತಕ. ನೀನೇ ಹೇಳು.”

ನಾಗಭೂಷಣ ಎದ್ದ. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಹಾಳೆ ತಿರುವಿದ.

“ಹತ್ತೊಂಬತ್ತನೇ ನಿಯಮ ಓದ್ತೀನ್ರಿ. ‘ಆಸ್ಪತ್ರೆಗೆ ಅವಸರವಿದ್ದಷ್ಟು ಹತ್ತಿಯನ್ನು ಸದಾ ಸಿದ್ಧವಾಗಿ ಇರಿಸತಕ್ಕದ್ದು.’”

ಸೋಮಶೇಖರಪ್ಪನವರ ಹೊಟ್ಟೆ ನಗುವಿಗೆ ಕುಲುಕತೊಡಗಿತು.

“ಐವತ್ತು ವರ್ಷದಿಂದ ಹತ್ತಿ ಮಾರೀನಿ. ಗಡಿಬಿಡಿ ಎಷ್ಟೈತೋ ಅಷ್ಟು ಹತ್ತಿ ಕೊಡ್ರಿ ಅಂತ ಒಬ್ಬನೂ ಕೇಳಿಲ್ಲಪ!”

ಎಲ್ಲರೂ ನಕ್ಕರು. ನಾಗಭೂಷಣನ ಕಿವಿಗಳು ಕೆಂಪಾದವು. ಚೇತನ ಮಾತ್ರ ನಗದೆ, “ಅಂದ್ರ ನೀವು ಬರ್ದಿದ್ದೇ ತಪ್ಪೇನು?” ಎಂದ.

“ತಪ್ಪು ರೀ. ಬೇಕಾದಷ್ಟು ಅಂತ ಬರೀಬೇಕಿತ್ತು. ಏಳನೇದ್ರಾಗ ಅಗತ್ಯ ಅಂತ ಬರೀಬೇಕಿತ್ತು. ನನಗ ಇಪ್ಪತ್ತೈದು ವರ್ಷದ ಹಿಂದೇ ಗೊತ್ತಾಗಿತ್ತು. ನಾಚಿಕಿಗಿ ಹೇಳಿಲ್ಲ. ಆದ್ರ ಪದ ತಪ್ಪಿದ್ದು ನಂದು, ಮಾತು ದೊಡ್ಡ ಡಾಕ್ಟ್ರದು. ಟ್ರಸ್ಟಿನವರು ಫೋನ್ ಮಾಡಿ ರೋಗಿನ ಎಬ್ಬಿಸಿ ಕಳಿಸಿದ ಮರುದಿನ ಬರೆಸಿದ್ದು ಇದು. ಆವತ್ತೂ ಎಮರ್ಜೆನ್ಸಿ ಏನೂ ಇದ್ದಿಲ್ಲ ರೀ.”

ಸೋಮಶೇಖರಪ್ಪನವರ ನಗು ನಿಂತಿತು. ಅವರು ಪುಸ್ತಕವನ್ನು ಹತ್ತಿರ ಎಳೆದು ಏಳನೆಯ ನಿಯಮದ ಮೇಲೆ ಬೆರಳಿಟ್ಟರು. ಆ ಫೋನ್ ಮಾಡಿದವರು ಯಾರೆಂದು ನಾಗಭೂಷಣ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ತಿದ್ದು” ಎಂದರು ಕೊನೆಗೆ. “ಡಾಕ್ಟ್ರು ಸಹಿ ಹಾಕ್ಲಿ, ನಾನೂ ಹಾಕ್ತೀನಿ. ಎರ್ರಮ್ಮ ಎಷ್ಟು ದಿನ ಇರ್ಬೇಕೋ ಮೇಡಂ ಹೇಳ್ಲಿ. ಚೇತನ, ಆ ನೋಟೀಸು ವಾಪಸ್ ತಗೋ.”

“ಮುಂದಿನ ಸಭೆಯಾಗ ಪೂರಾ ಪುಸ್ತಕಾನೇ ಹೊಸದಾಗಿ ಬರೆಸೋಣ” ಎಂದ ಚೇತನ.

“ಬರೆಸ್ರಿ. ನಮ್ಮ ಸಹಿ ಕೇಳಾಕ ಬರ್ರಿ” ಎಂದರು ಹೇಮಾವತಿ.

ನಾಗಭೂಷಣ ಕೆಂಪು ಪೆನ್ನು ಹಿಡಿದ. ಚಿತ್ತಿಲ್ಲದ ಪುಸ್ತಕದಲ್ಲಿ ಎಳೆದ ಮೊದಲ ಗೆರೆ ಡೊಂಕಾಯಿತು. ಮೇಲೆ ‘ಅಗತ್ಯ’ ಎಂದು ಬರೆದ. ಮೂರು ಸಲ ಓದಿದ. ನಾಲ್ಕನೆಯ ಸಲ ಓದುವಷ್ಟರಲ್ಲಿ ಹೇಮಾವತಿ ಪುಸ್ತಕ ಎಳೆದುಕೊಂಡು ಸಹಿ ಹಾಕಿದರು.

ರೆಕಾರ್ಡ್ ರೂಮಿಗೆ ಹೋಗುವ ದಾರಿಯಲ್ಲಿ ಅವನು ಮತ್ತೆ ವಾರ್ಡಿನ ಮುಂದೆ ನಿಂತ. ಎರ್ರಮ್ಮ ಬಟ್ಟೆಬರೆಯ ಗಂಟು ಕಟ್ಟಿಕೊಂಡು ಹಾಸಿಗೆಯ ತುದಿಗೆ ಕೂತಿದ್ದಳು.

“ಆಟೋ ಬರ್ತೈತಿ ಅಂದ್ರು. ನಾನು ಇನ್ನಾ ಇಲ್ಲಿ ಇರೋದು ಅವಸರನಾ ಸಾರ್?”

ಆ ಪದ ಕೇಳಿದ್ದೇ ಅವನ ಕೈ ಜೇಬಿನ ಪೆನ್ನಿಗೆ ಹೋಯಿತು.

“ಅವಸರ ಐತಿ ಬೇ” ಎಂದ. ತಕ್ಷಣ ಅನುಮಾನವಾಗಿ, “ಅಂದ್ರ, ಇರ್ಬೇಕು ಅಂತ. ಗಂಟು ಬಿಚ್ಚು, ಮಲಕ್ಕೊ” ಎಂದು ಬಿಡಿಸಿ ಹೇಳಿದ.