ಹೆಣ್ಣೊಪ್ಪಿಸುವ ಪದಕ್ಕೆ ನಕ್ಕವಳು

ನಮ್ಮ ಕಡೆ ಮದುವೆಯೆಂದರೆ ಅಕ್ಕಿಕಾಳು ಬಿದ್ದಲ್ಲಿಗೆ ಮುಗಿಯುತ್ತಿರಲಿಲ್ಲ. ಮಗಳನ್ನು ಬೀಗರ ಕೈಗೆ ಕೊಡುವಾಗ ಹೆಣ್ಣೊಪ್ಪಿಸುವ ಪದ ಹಾಡಬೇಕು, ಅದನ್ನು ಕೇಳಿ ಮದುಮಗಳು ಅಳಬೇಕು. ಅತ್ತರೆ ತವರಿನ ಮೇಲೆ ಮಾಯೆ-ಮಮತೆಯುಳ್ಳವಳು. ಅಳದಿದ್ದರೆ ನೀರಿಗೆ ಹೋದಲ್ಲೆಲ್ಲ ಅದೇ ಮಾತು: "ಹೋಗಾಕ ಎಷ್ಟ್ ಅವಸರ ಆಗಿತ್ತು ನೋಡವ್ವ ಆಕಿಗೆ!" ಆ ಮಾತು ಹುಡುಗಿಯ ಹಿಂದೆ ಅತ್ತೆಯ ಮನೆಯವರೆಗೂ ನಡೆದುಕೊಂಡು ಹೋಗುತ್ತಿತ್ತು.

ಈ ಪದ ಹಾಡುವುದರಲ್ಲಿ ನನ್ನ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಎತ್ತಿದ ಕೈ. ಅವಳ ಮನೆ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಕುಷ್ಟಗಿಯಿಂದ ಕೊಪ್ಪಳದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ದನಿ ಇಂಪಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಸ್ವಲ್ಪ ಒಡಕು ದನಿ, ರಾಗವೂ ಅಂಥ ಏರಿಳಿತದ್ದೇನಲ್ಲ. ಆದರೆ ಅವಳದೊಂದು ರೂಢಿಯಿತ್ತು. ಮದುವೆಗೆ ಮುಂಚೆಯೇ ಹೋಗಿ ಆ ಮನೆಯಲ್ಲಿ ಬೀಡುಬಿಡುವಳು. ರೊಟ್ಟಿ ಬಡಿಯುವ ನೆಪದಲ್ಲಿ ಒಳಗೂ ಹೊರಗೂ ಓಡಾಡಿ, ಹುಡುಗಿ ಎಲ್ಲಿ ಮಲಗುತ್ತಾಳೆ, ಯಾವ ಎಮ್ಮೆ ಅವಳ ಕೈಗೆ ಮಾತ್ರ ಹಾಲು ಬಿಡುತ್ತದೆ, ಅಪ್ಪನ ಕಾಲಿಗೆ ನೆಟ್ಟ ಮುಳ್ಳನ್ನು ಯಾರು ತೆಗೆಯುತ್ತಾರೆ, ಎಲ್ಲ ನೋಡಿಟ್ಟುಕೊಳ್ಳುವಳು. ಆಮೇಲೆ ಅದೇ ಮನೆಯ ಸಂಗತಿಗಳನ್ನು ಒಂದೊಂದು ನುಡಿಯಾಗಿ ಕಟ್ಟಿ ಹಾಡುವಳು. ಎಮ್ಮೆಯ ನುಡಿ ಬಂದರೆ ಅವ್ವ ಕುಸಿಯುವಳು, ಮುಳ್ಳಿನ ನುಡಿ ಬಂದರೆ ಅಪ್ಪ. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಅಳಿಸಿದ ಹಾಗೆ. ಅವಳ ಕಣ್ಣು ಮಾತ್ರ ಒಣಗಿಯೇ ಇರುತ್ತಿತ್ತು. "ಹಾಡಾಕಿ ಅತ್ರ ಪದ ಹರೀತೈತಿ," ಎನ್ನುತ್ತಿದ್ದಳು. ತನ್ನ ಪದಕ್ಕೆ ಅಳದೆ ಹೋದ ಮದುಮಗಳು ಒಬ್ಬಳೂ ಇಲ್ಲ ಎಂಬುದು ಅವಳ ಜಂಬ. ಅದು ಬರೀ ಜಂಬವಲ್ಲ, ನಿಜವೇ ಆಗಿತ್ತು.

ಇನ್ನು ನಾನು. ನನಗೆ ನಗುವ ರೋಗ. ಪುರಾಣ ಕೇಳಲು ಕೂತರೆ ಪುರಾಣಿಕರ ಹಲ್ಲಿಲ್ಲದ ಬಾಯಿ ನೋಡಿ ನಗು, ಸತ್ತವರ ಮನೆಗೆ ಹೋದರೆ ಎಲ್ಲರೂ ಒಟ್ಟಿಗೆ ಮೂಗು ಸೀಟುವುದನ್ನು ಕೇಳಿ ನಗು. ನಗಬಾರದು ಅಂದುಕೊಂಡಷ್ಟೂ ಹೊಟ್ಟೆಯಿಂದ ಉಕ್ಕಿ ಬರುತ್ತಿತ್ತು. ಇದರ ಮೇಲೆ ನನ್ನ ಮದುವೆ ನನಗೆ ಭಾಳ ಇಷ್ಟವಾಗಿಬಿಟ್ಟಿತ್ತು. ಹದಿನೆಂಟು ದಾಟಿದ್ದೆ, ಆ ಕಾಲಕ್ಕೆ ಅದು ತಡವೇ. ಮಹಾಯುದ್ಧದ ದಿನಗಳು, ಅರಿವೆ ಸಿಗುತ್ತಿರಲಿಲ್ಲ, ಸೀರೆಗಾಗಿಯೇ ಮದುವೆ ಮುಂದೆ ಮುಂದೆ ಹೋಗಿತ್ತು. ವರನ ಮನೆ ಗಂಗಾವತಿಯಲ್ಲಿ. ಹಿತ್ತಲ ಬಾಗಿಲು ತೆಗೆದರೆ ಕಾಲುವೆಯ ನೀರು ಹರಿಯುತ್ತದೆ ಎಂದು ಮನೆ ನೋಡಲು ಹೋದವರು ಬಂದು ಹೇಳಿದ್ದರು. ಕುಷ್ಟಗಿ ಸೀಮೆಯ ನಮ್ಮೂರಲ್ಲಿ ಒಂದು ಕೊಡ ನೀರಿಗೆ ಅರ್ಧ ಮುಂಜಾನೆ ಹೋಗುತ್ತಿತ್ತು. ಹಿತ್ತಲಲ್ಲೇ ನೀರು ಎಂದರೆ ಯಾವ ಹುಡುಗಿಗೆ ಅಳು ಬಂದೀತು? ವರನನ್ನೂ ಕದದ ಸಂದಿನಿಂದ ನೋಡಿದ್ದೆ. ಕಿವಿ ಕೊಂಚ ದೊಡ್ಡವು, ಮಿಕ್ಕಿದ್ದೆಲ್ಲ ಸರಿಯಾಗಿತ್ತು.

ಅವ್ವನಿಗೆ ಗಾಬರಿ ಹತ್ತಿತು. ದಿನಾ ಸಂಜೆ ನನ್ನನ್ನು ಕೂರಿಸಿಕೊಂಡು ಅಳುವುದನ್ನು ಕಲಿಸತೊಡಗಿದಳು. "ತೀರಿಹ್ವಾದ ಅಜ್ಜನ್ನ ನೆನಸ್ಕೊ," ಎಂದಳು. ನೆನೆಸಿಕೊಂಡೆ. ಅಜ್ಜ ನಶ್ಯ ಏರಿಸಿ ಸೀನಿದರೆ ದೀಪ ಆರಿಹೋಗುತ್ತಿದ್ದದ್ದು, ಅಜ್ಜಿ ಕತ್ತಲಲ್ಲಿ ಬೈಯುತ್ತ ಬೆಂಕಿಪೆಟ್ಟಿಗೆ ತಡಕುತ್ತಿದ್ದದ್ದು ಕಣ್ಣಿಗೆ ಬಂತು. ನಕ್ಕುಬಿಟ್ಟೆ. ಪಕ್ಕದ ಮನೆಯಾಕೆ ಉಳ್ಳಾಗಡ್ಡಿ ಒಡೆದು ಸೆರಗಿನಲ್ಲಿ ಕಟ್ಟಿಕೊಟ್ಟಳು. ಕಣ್ಣಲ್ಲಿ ನೀರೇನೋ ಬಂತು, ಬಾಯಿ ಮಾತ್ರ ಕಿವಿಯವರೆಗೆ ಹಿಗ್ಗಿತ್ತು. ನನ್ನನ್ನು ನೋಡಿ ಅವ್ವನೂ ನಕ್ಕಳು, ಪಕ್ಕದ ಮನೆಯಾಕೆಯೂ ನಕ್ಕಳು, ಆಮೇಲೆ ಅವ್ವ ತಲೆಯ ಮೇಲೆ ಕೈಹೊತ್ತು ಕೂತಳು.

ದೊಡ್ಡವ್ವ ಬಂದು ಇದನ್ನೆಲ್ಲ ಕೇಳಿ ಎಲೆಅಡಿಕೆ ಜಗಿಯುತ್ತ ಹೇಳಿದಳು: "ಬಿಡ ತಂಗಿ. ಕಲ್ಲಿನಂಥಾ ಹುಡುಗ್ಯಾರ್ನ ಅಳಿಸೇನಿ. ಇಕಿ ಯಾವ ಲೆಕ್ಕ?" ನನ್ನನ್ನು ಒಳಗೆ ಕರೆದು ಮಾತ್ರ ಬೇರೆ ದನಿಯಲ್ಲಿ ಹೇಳಿದಳು: "ನೀ ಅಳದಿದ್ರ ನಿಮ್ಮಪ್ಪನ ಮಾರಿ ಸಣ್ಣದಾಕ್ಕೈತಿ. ನನ್ನ ಹೆಸರು ಮಣ್ಣಾಕ್ಕೈತಿ. ಮನಿ ಹುಡಿಗಿನ ಅಳಿಸಾಕ ಆಗಲಿಲ್ಲ, ಇಕಿನ್ನ್ಯಾಕ ಕರಸೋದು ಅಂತಾರ ಮಂದಿ." ಮಕ್ಕಳಿಲ್ಲದ ದೊಡ್ಡವ್ವ ನನ್ನನ್ನು ಅರ್ಧ ಬೆಳೆಸಿದವಳು. ಸುಗ್ಗಿ ಮುಗಿದರೆ ನಾನು ಅವಳ ಮನೆಯಲ್ಲೇ ಇರುತ್ತಿದ್ದೆ, ಅವಳ ಪದಗಳನ್ನು ಅವಳ ಮಗ್ಗುಲಲ್ಲೇ ಮಲಗಿ ಕಲಿತಿದ್ದೆ. ಅವಳ ಹೆಸರು ಕೆಡಬಾರದೆಂದು ನಾನು ನಿಜವಾಗಿಯೂ ಅಳಬೇಕೆಂದೇ ಇದ್ದೆ.

ದೊಡ್ಡವ್ವನ ಪದ ಆದ ಮೇಲೆ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ ಎಂದು ಅಂದು ಮಾದಲಿಯ ಸಿಹಿಯೂಟದ ಪಂಕ್ತಿಯನ್ನು ಮೊದಲೇ ಮುಗಿಸಿದ್ದರು. ಹಂದರದ ಮುಂದೆ ಬಂಡಿ ನಿಂತಿತ್ತು. ಹೊತ್ತು ಮುಳುಗುವುದರೊಳಗೆ ಕನಕಗಿರಿ ಮುಟ್ಟಬೇಕು, ಅಲ್ಲಿ ರಾತ್ರಿ ವಸ್ತಿ, ಮರುದಿನ ಗಂಗಾವತಿ. ನನ್ನ ಮುಖದ ಮೇಲೆ ಸೆರಗು ಎಳೆದು ವರನ ಪಕ್ಕ ಕೂರಿಸಿದರು. ಎದುರಿಗೆ ಗಾದಿಯ ಮೇಲೆ ಪೊಲೀಸ್ ಠಾಣೆಯ ಅಮೀನ್ ಸಾಹೇಬರು. ಸರ್ಕಾರಿ ಮನುಷ್ಯ, ಕಲ್ಲಿಮೀಸೆ, ಅವರಿಗೆ ಉರ್ದು ಬಿಟ್ಟರೆ ಬೇರೆ ಮಾತು ಬಾರದು. ಅಪ್ಪ ಅವರನ್ನು ಕರೆದದ್ದು ಹೆದರಿಕೆಗೆ, ಅವರು ಬಂದದ್ದು ಮಾದಲಿಗೆ.

ದೊಡ್ಡವ್ವ ಬಂದು ಎದುರು ನಿಂತು ಶುರು ಮಾಡಿದಳು.

"ಗೂಟಕ್ಕ ಕಟ್ಟಿದ ಆಡು ಹಾದಿ ನೋಡತೈತಿ, ಕೈತುತ್ತು ಕೊಡಾಕಿ ಬರಲಿಲ್ಲ..."

ಮೊದಲ ಸಾಲಿಗೇ ಅವ್ವ ಹೋ ಎಂದಳು. ನನಗೂ ಎದೆ ತುಂಬಿ ಬರಬೇಕು, ಅಷ್ಟರಲ್ಲಿ ಆ ಆಡು ನೆನಪಾಯಿತು. ಅದು ಅಪ್ಪನ ರುಮಾಲನ್ನು ಅರ್ಧ ತಿಂದಿತ್ತು. ಬೇರೆ ರುಮಾಲಿಲ್ಲದೆ ಅಪ್ಪ ಉಳಿದರ್ಧವನ್ನೇ ಸುತ್ತಿಕೊಂಡು ಗಂಭೀರವಾಗಿ ತಹಸೀಲ ಕಚೇರಿಗೆ ಹೋಗಿದ್ದ. ಹೊಟ್ಟೆಯಿಂದ ನಗು ಎದ್ದಿತು. ತುಟಿ ಕಚ್ಚಿ ಹಿಡಿದೆ, ಭುಜ ಅಲ್ಲಾಡತೊಡಗಿತು. ಹಿಂದೆ ಕೂತಿದ್ದ ಹೆಂಗಸೊಬ್ಬಳು ಬೆನ್ನು ಸವರಿದಳು. "ಅಯ್ಯ ಪಾಪ, ಕೂಸು ಹೆಂಗ ಬಿಕ್ಕತೈತಿ ನೋಡ್ರವ್ವ!"

"ಹೊಲದಿಂದ ಬಂದ ಅಪ್ಪಗ ಚರಗಿ ನೀರ ಯಾರ ಕೊಟ್ಟಾರ..."

ಅಪ್ಪ ಕಂಬ ಹಿಡಿದು ನಿಂತಲ್ಲೇ ಕುಸಿದ. ನನ್ನ ಕಣ್ಣಿಗೆ ಬಂದದ್ದು ಬೇರೆ. ಒಮ್ಮೆ ಮಬ್ಬುಗತ್ತಲಲ್ಲಿ ನೀರೆಂದು ಮಜ್ಜಿಗೆಯ ಚರಗಿ ಕೊಟ್ಟಿದ್ದೆ. ಅಪ್ಪ ಅದರಲ್ಲೇ ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತ, ನಾಯಿ ಬಂದು ಅವನ ಪಾದ ನೆಕ್ಕಿ ನೆಕ್ಕಿ ಬೆಳ್ಳಗೆ ಮಾಡಿತ್ತು. ನಾನು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಮಂದಿ ಇನ್ನಷ್ಟು ಮರುಗಿದರು. ನನ್ನ ನಗು ನೋಡಿ ಊರೇ ಅಳುತ್ತಿತ್ತು! ಪಕ್ಕಕ್ಕೆ ಓರೆಗಣ್ಣು ಹಾಯಿಸಿದರೆ, ಅಯ್ಯೋ ಶಿವನೇ, ವರನೇ ಅಳುತ್ತಿದ್ದ. ಬಾಸಿಂಗ ಅಲುಗುತ್ತಿತ್ತು, ಆ ದೊಡ್ಡ ಕಿವಿಗಳು ಕೆಂಪಾಗಿದ್ದವು. ಅವನ ತಾಯಿ ಅವನಿಗಿಂತ ಜೋರು. ಅಮೀನ್ ಸಾಹೇಬರು ಕರವಸ್ತ್ರ ತೆಗೆದು ಪಕ್ಕದಲ್ಲಿ ಕೂತ ಊರ ಗೌಡರನ್ನು ಕೇಳಿದರು, ಈ ತಾಯಿ ಏನು ಹಾಡುತ್ತಿದ್ದಾಳೆ ಎಂದು. ಗೌಡರು ಬಿಕ್ಕುತ್ತಲೇ ಆಡಿನ ಸಂಗತಿ ಹೇಳಿದರು. "ಬಕ್ರೀ?" ಎಂದು ಕೇಳಿ ಸಾಹೇಬರು ಮತ್ತೂ ಅತ್ತರು.

ದೊಡ್ಡವ್ವ ಮಾತ್ರ ಮೋಸಹೋಗಲಿಲ್ಲ. ನನ್ನ ಭುಜದ ಅಲುಗಾಟ ಅವಳಿಗೆ ಗೊತ್ತಿಲ್ಲದ್ದೇ? ಹಾಡುತ್ತ ಹತ್ತಿರ ಬಂದು, ಸೆರಗು ಸರಿಮಾಡುವವಳಂತೆ ಒಂದು ಬೆರಳಿನಿಂದ ಎತ್ತಿ ನೋಡಿದಳು. ನನ್ನ ಹಲ್ಲು ಕಂಡವು. ಅವಳ ಮುಖ ಬಾಡಿಹೋಯಿತು. ಸೆರಗು ಬಿಟ್ಟು ಹಿಂದೆ ಸರಿದಳು. ಆಮೇಲೆ ದನಿ ತಗ್ಗಿಸಿ, ಅಲ್ಲೇ ನಿಂತು ಕಟ್ಟಿದ ನುಡಿಯೊಂದನ್ನು ಎತ್ತಿಕೊಂಡಳು.

"ನಗಿ ಹೊಂಟೈತ್ರಿ ನಮ್ಮ ಮನಿ ಬಿಟ್ಟು, ಬೀಗರ. ಕದ ಹಾಕಿದರ ಇನ್ನ ಮನಿಯೆಲ್ಲ..."

ನನ್ನ ನಗು ಗಕ್ಕನೆ ನಿಂತಿತು. ಎಲ್ಲರಿಗೂ ಹಂಚಿದ ಮೇಲೆ ನನಗೆಂದೇ ಕಟ್ಟಿದ ನುಡಿ ಅದು. ನಾನಿಲ್ಲದ ಮನೆಯನ್ನು ನಾನು ಅಲ್ಲಿಯವರೆಗೆ ನೆನೆಸಿಯೇ ಇರಲಿಲ್ಲ. ಮುಂದಿನ ಮಾತಿಗಾಗಿ ಉಸಿರು ಹಿಡಿದು ಕಾದೆ. ಬರಲಿಲ್ಲ. ಸೆರಗು ಸರಿಸಿ ನೋಡಿದರೆ ದೊಡ್ಡವ್ವ ಬಾಯಿ ತೆರೆದು ನಿಂತಿದ್ದಾಳೆ, ದನಿ ಹೊರಡುತ್ತಿಲ್ಲ, ಗಲ್ಲದ ಮೇಲೆ ನೀರು ಧಾರಾಕಾರ ಇಳಿಯುತ್ತಿದೆ. ನನ್ನ ಮೇಲೆ ಬಿಟ್ಟ ಬಾಣ ತಿರುಗಿ ಅವಳಿಗೇ ನೆಟ್ಟಿತ್ತು.

ಕೊನೆಯಲ್ಲಿ ಹರಸುವ ನುಡಿಯೊಂದು ಇರುತ್ತದೆ, ಅದಾಗದೆ ಬಂಡಿ ಕದಲುವಂತಿಲ್ಲ. ಬೀಗರಲ್ಲಿ ಹಿರಿಯರೊಬ್ಬರು ಗೊಣಗಿದರು: "ಪದ ಅರ್ಧಕ್ಕ ನಿಂತ್ರ ಹೆಂಗ್ರಿ? ಛಲೋ ಅಲ್ಲಿದು." ಅವ್ವ ಹಾಡಲು ಹೋಗಿ ಬಿಕ್ಕಿದಳು. ಚಿಕ್ಕಮ್ಮಂದಿರು ಒಬ್ಬರಾದ ಮೇಲೊಬ್ಬರು ಬಾಯಿ ತೆರೆದು ಮುಚ್ಚಿದರು. ಅತ್ತು ಅತ್ತು ಎಲ್ಲರ ಗಂಟಲೂ ಕಟ್ಟಿಹೋಗಿತ್ತು. ಆ ಹಂದರದಲ್ಲಿ ಗಂಟಲು ನೆಟ್ಟಗಿದ್ದವಳು ಒಬ್ಬಳೇ, ಮದುಮಗಳು.

ಎದ್ದು ನಿಂತೆ. ಸೆರಗು ಹಿಂದಕ್ಕೆ ಹಾಕಿದೆ. ಹಾಡಿದೆ.

"ನೂರು ಕಾಲ ಬಾಳವ್ವ ನನ ಮುದ್ದು ಮಗಳ, ಹೋದ ಮನಿ ಹಾಲಾಗಿ ಉಕ್ಕಲಿ!"

ಹಾಡಿದ ಮೇಲೆಯೇ ಹೊಳೆದದ್ದು, ಅದು ತಾಯಿ ಹಾಡಬೇಕಾದ ನುಡಿ ಎಂದು. ನನಗೆ ನಾನೇ ತಾಯಿಯಾಗಿ, ನನ್ನನ್ನು ನಾನೇ ಮುದ್ದು ಮಗಳೆಂದು ಕರೆದು, ನನ್ನನ್ನು ನಾನೇ ಗಂಡನ ಮನೆಗೆ ಕಳಿಸಿಕೊಟ್ಟಿದ್ದೆ. ಮೊದಲು ಅಪ್ಪ ನಕ್ಕ. ಕಂಬದ ಬುಡದಲ್ಲಿ ಕೂತಲ್ಲೇ, ಮೂಗು ಒರೆಸಿಕೊಳ್ಳುತ್ತ ನಕ್ಕ. ಅದು ಹಂದರಕ್ಕೆಲ್ಲ ಹಬ್ಬಿತು. ಒದ್ದೆ ಮುಖಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವು. ವರ ನಗುವುದನ್ನು ಆಗಲೇ ಮೊದಲು ಕೇಳಿದೆ. ನನ್ನ ನಗುವಿಗಿಂತ ಕೆಟ್ಟದಾಗಿತ್ತು, ಕತ್ತೆಯ ದನಿ. ಇವನ ಜೊತೆ ಬದುಕು ಸುಖವಾಗಿಯೇ ಹೋದೀತು ಎಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು. ಅಮೀನ್ ಸಾಹೇಬರು "ವಾಹ್, ವಾಹ್!" ಎಂದು ತೊಡೆ ತಟ್ಟುತ್ತಿದ್ದರು.

ದೊಡ್ಡವ್ವನೇ ನನ್ನನ್ನು ಬಂಡಿಗೆ ಹತ್ತಿಸಿದಳು. ಹತ್ತಿಸುತ್ತ ಕಿವಿಯಲ್ಲಿ ಸಿಡುಕಿದಳು: "ಎರಡನೇ ಸಾಲಿನ್ಯಾಗ ರಾಗ ಬಿಟ್ಟಿ. ನಿನ್ನ ಪದಕ್ಕ ಒಬ್ಬರರ ಅತ್ರೇನು?"

"ನೀ ಅಳಾಕತ್ತೀಯಲ್ಲ ದೊಡ್ಡವ್ವ," ಎಂದೆ.

ಬೆನ್ನಿಗೆ ಒಂದು ಗುದ್ದು ಬಿತ್ತು. ಎತ್ತುಗಳು ಕದಲಿದವು.

ಊರಬಾಗಿಲ ಅಗಸಿ ದಾಟುವವರೆಗೂ ಕೈ ಬೀಸುತ್ತ ನಗುತ್ತಲೇ ಇದ್ದೆ. ಅಗಸಿ ದಾಟಿ ತಿರುಗಿ ನೋಡಿದೆ. ಮಂದಿಯೆಲ್ಲ ಹಂದರದ ಕಡೆ ಹೊರಳಿದ್ದರು, ದೊಡ್ಡವ್ವ ಒಬ್ಬಳು ಮಾತ್ರ ಬಂಡಿಯ ಹಿಂದೆಯೇ ನಡೆದುಬಂದು ಅಗಸಿಯ ಕಲ್ಲಿಗೆ ಕೈ ಊರಿ ನಿಂತಿದ್ದಳು. ಅಷ್ಟೇ. ಎದೆ ಬಿರಿದು ಅಳು ಬಂತು. ಸಣ್ಣಪುಟ್ಟ ಅಳುವಲ್ಲ, ಎತ್ತು ಬೆದರುವಂಥ, ಬೀಗರು ಕಂಗಾಲಾಗುವಂಥ ಅಳು. ದೊಡ್ಡವ್ವನಿಗೆ ಅದು ಕೇಳಿಸಿತು. ಎರಡೂ ಕೈ ಮೇಲೆತ್ತಿ, ತಾನೂ ಅಳುತ್ತ, ನಿಂತಲ್ಲೇ ಕುಣಿಯುತ್ತ, ಊರಿನ ಕಡೆ ತಿರುಗಿ ಒಡಕು ದನಿಯಲ್ಲಿ ಕೂಗಿದಳು: "ಬರ್ರೆ, ಎಲ್ಲಾರೂ ಬರ್ರೆ, ಕೇಳ್ರಿ! ನನ್ನ ಮಗಳು ಅಳಾಕತ್ತಾಳ!"