ಇಂಥದ್ದು ಇನ್ನೊಂದು ಇದೆಯಾ?

ಗ್ಯಾರೇಜುಗಳ ಆ ಓಣಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವನು ಗುದ್ದಪ್ಪ. ಟಿಂಕರಿಂಗ್ ಅವನ ಕೆಲಸ. ಎಲ್ಲೋ ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗುಗಳನ್ನು ಬಡಿದು ಎಬ್ಬಿಸುತ್ತಾನೆ. ಆದರೆ ಅಡ್ಡಹೆಸರು ಬಂದದ್ದು ಬೇರೆ ಕಾರಣಕ್ಕೆ. ಬಣ್ಣ ಹೊಂದಿಲ್ಲವೆಂದು ಕೂಗಾಡಿದ ಗಿರಾಕಿಯೊಬ್ಬನ ಮೂಗನ್ನು ಅವನು ಒಂದೇ ಏಟಿಗೆ ಒಡೆದ ದಿನ ಎದುರಿನ ಬ್ಯಾಟರಿ ಅಂಗಡಿಯವನು ಇಟ್ಟ ಹೆಸರು ಅದು. "ಕಾರಿನ ಗುದ್ದು ತೆಗೀತಾನೆ, ಓನರಿಗೆ ಹಾಕ್ತಾನೆ" ಎಂದು ಅವನು ಈಗಲೂ ನಗುತ್ತಾನೆ, ಗುದ್ದಪ್ಪ ದೂರದಲ್ಲಿದ್ದಾಗ ಮಾತ್ರ.

ಅಪ್ಪನೂ ಟಿಂಕರೇ. ಇಬ್ಬರು ಮಕ್ಕಳಿಗೆ ಕೆಲಸ ಕಲಿಸಿದ್ದು ಹಳೆಯ ಫ್ಯಾನ್ ಬೆಲ್ಟಿನಲ್ಲಿ. ದೊಡ್ಡವನು, ಅಂದರೆ ಗುದ್ದಪ್ಪ, ತಗಡು ಹಾಳು ಮಾಡಿದರೆ ಚಿಕ್ಕವನ ಕೈಗೆ ಬೆಲ್ಟು ಕೊಟ್ಟು ಹೊಡೆಸುತ್ತಿದ್ದ. ಚಿಕ್ಕವನು ಮಾಡಿದರೆ ದೊಡ್ಡವನ ಕೈಗೆ. ಮೆಲ್ಲಗೆ ಹೊಡೆದವನಿಗೆ ತಾನೇ ಬಾರಿಸುತ್ತಿದ್ದ. ಹಾಗಾಗಿ ತಗಡು ತಟ್ಟುವುದಕ್ಕಿಂತ ಮೊದಲು ಇಬ್ಬರೂ ಒಬ್ಬರಿಗೊಬ್ಬರು ಜೋರಾಗಿ ಹೊಡೆಯುವುದನ್ನು ಕಲಿತರು.

ಅಪ್ಪ ಬಿಟ್ಟುಹೋದದ್ದು ಎರಡು ಕಾರು. ಎಂದೋ ಹಡಗಿನಲ್ಲಿ ಬಂದು, ಹರಾಜಿನಲ್ಲಿ ಅವನ ಪಾಲಾದವು. ಎರಡೇ ಸೀಟು, ಮಡಚುವ ಟಾಪು, ಒಳಗೆ ಕೂತರೆ ರಸ್ತೆ ಕೈಗೆ ಸಿಗುವಷ್ಟು ತಗ್ಗು. ಒಂದು ಕೆಂಪು, ಒಂದು ಹಸಿರು, ಮಾದರಿ ಒಂದೇ. ಮಾಡಿದ ಕಂಪನಿ ಆ ಮಾದರಿಯನ್ನು ನಿಲ್ಲಿಸಿ ಒಂದು ತಲೆಮಾರಾಗಿದೆ. ಸಾಯುವ ಮುಂಚೆ ಅಪ್ಪ ಓಡುವ ಕೆಂಪನ್ನು ದೊಡ್ಡವನಿಗೆ ಕೊಟ್ಟ. ಎಂಜಿನ್ ಜಾಮಾಗಿ ನಿಂತಿದ್ದ ಹಸಿರು ಚಿಕ್ಕವನಿಗೆ ಹೋಯಿತು.

ಚಿಕ್ಕವನದು ಅದೇ ಓಣಿಯ ಕೊನೆಯಲ್ಲಿ ಪಂಕ್ಚರ್ ಅಂಗಡಿ. ಹಸಿರು ಕಾರನ್ನು ಅವನು ಅಂಗಡಿಯ ಹಿಂದೆ ಟಾರ್ಪಾಲಿನ ಅಡಿ ನಿಲ್ಲಿಸಿಕೊಂಡ. ಎಂಜಿನ್ ಒಂದು ಬಿಟ್ಟರೆ ಗಾಜು, ದೀಪ, ಗೇರ್‌ಬಾಕ್ಸ್ ಎಲ್ಲ ಗಟ್ಟಿಯಾಗಿದ್ದವು. ಕೆಂಪು ಕಾರಿನ ಹೆಡ್‌ಲೈಟ್ ಗಾಜು ಒಡೆದಾಗ ಗುದ್ದಪ್ಪ ಒಮ್ಮೆ ತಮ್ಮನ ಹತ್ತಿರ ಹಸಿರಿನದನ್ನು ಕೇಳಲು ಹೋಗಿದ್ದ.

"ಓಡೋದು ನಿಂಗೆ, ನಿಂತಿರೋದು ನಂಗೆ ಅಂತ ಅಪ್ಪ ಅಂದಾಗ ಬಾಯಿ ಮುಚ್ಕೊಂಡು ತಗೊಂಡ್ಯಲ್ಲಣ್ಣ? ಈಗ ಓಡಿಸ್ಕೋ, ಕುರುಡಾಗೇ ಓಡಿಸ್ಕೋ."

ಆ ಮಾತಿಗೆ ತಮ್ಮನ ಒಂದು ಹಲ್ಲು ಹೋಯಿತು. ಅಣ್ಣನ ಹುಬ್ಬು ಸೀಳಿತು. ಗುದ್ದಪ್ಪ ಬೇರೆ ಕಾರಿನ ಗಾಜನ್ನು ಕೊರೆದು ಕೂರಿಸಿದ. ಅಂದಿನಿಂದ ಮಾತಿಲ್ಲ. ಗುದ್ದಪ್ಪನ ಜೊತೆ ಶೆಡ್ಡಿನ ಮಹಡಿಯ ಕೋಣೆಯಲ್ಲಿರುವ ಅಮ್ಮ ಮಾತ್ರ ಮಧ್ಯಾಹ್ನ ಓಣಿಯುದ್ದ ನಡೆದು ಚಿಕ್ಕವನಿಗೆ ಊಟದ ಡಬ್ಬಿ ಕೊಟ್ಟು ಬರುತ್ತಾಳೆ.

ವರ್ಷಗಟ್ಟಲೆ ಸುತ್ತಿಗೆ ಎತ್ತಿ ಗುದ್ದಪ್ಪನ ಬಲಮೊಣಕೈ ಸವೆದಿತ್ತು. ಬೆಳಿಗ್ಗೆ ಲೋಟ ಎತ್ತಲೂ ಎಡಗೈ ಬೇಕಾಗುತ್ತಿತ್ತು. ಕೆಂಪು ಕಾರು ಮಾರಿ, ಬಂದದ್ದರಲ್ಲಿ ಒಂದು ಪೇಂಟ್ ಬೂತ್ ಹಾಕಿಸಬೇಕು, ಬಡಿಯುವುದನ್ನು ಬಿಟ್ಟು ಬರೀ ಬಣ್ಣ ಹೊಡೆಯಬೇಕು ಎಂಬುದು ಅವನ ಆಸೆ. ಅವನಿಗಿಂತ ಹೆಚ್ಚಿನ ಆಸೆ ಹೆಂಡತಿಯದು. "ಕೆಲಸ ಮುಗಿಸಿ ಮೇಲೆ ಬಂದ್ಮೇಲೂ ಅವರ ಕೈ ಬಡೀತಾನೇ ಇರುತ್ತೆ" ಎಂದು ಅವಳು ಅತ್ತೆಗೆ ಹೇಳಿದ್ದಳು. ಆಗ ಅವಳ ಕೆನ್ನೆ ಊದಿತ್ತು. ಸುತ್ತಿಗೆ ಬಿಟ್ಟರೆ ಅದೂ ನಿಂತೀತು ಎಂದು ಅವಳು ನಂಬಿದ್ದಳು. ಅತ್ತೆಗೆ ಆ ನಂಬಿಕೆ ಇರಲಿಲ್ಲ. ಅವಳ ಗಂಡ ಸತ್ತದ್ದು ಕೈಯಲ್ಲಿ ಸುತ್ತಿಗೆ ಹಿಡಿಯಲಾಗದ ಸ್ಥಿತಿಯಲ್ಲಿ, ಆದರೂ ಕೊನೆಯ ವಾರ ಊಟದ ತಟ್ಟೆ ಬೀಸಿ ಅವಳ ತಲೆ ಒಡೆದಿದ್ದ.

ಕಾರು ನೋಡಲು ಬಂದವರು ಒಬ್ಬ ಹಲ್ಲಿನ ಡಾಕ್ಟರು. ಹಳೆಯ ಕಾರುಗಳ ಹುಚ್ಚಿನವರು. ಬಾನೆಟ್ ಮೇಲೆ ಬೆರಳಾಡಿಸಿದರು, ಬಾಗಿಲು ಹಾಕಿ ತೆಗೆದು ಸದ್ದು ಕೇಳಿದರು, ಮಂಡಿಯೂರಿ ಅಡಿಯನ್ನು ನೋಡಿದರು. ಎದ್ದು ಕೈ ಒರೆಸಿಕೊಳ್ಳುತ್ತ ಕೇಳಿದರು:

"ಇಂಥದ್ದು ಇನ್ನೊಂದು ಇದೆಯಾ, ಇಲ್ಲೇ ಎಲ್ಲಾದ್ರೂ?"

ಗುದ್ದಪ್ಪ ಸಂತೆಯ ವ್ಯಾಪಾರ ಕಂಡವನು. ಇನ್ನೊಂದಿದೆ ಎಂದರೆ ಬೆಲೆ ಇಳಿಸುತ್ತಾರೆ ಎಂದು ಅವನಿಗೆ ಅನ್ನಿಸಿತು.

"ಇಲ್ಲ ಸಾರ್. ಹುಡುಕಿದ್ರೂ ಸಿಗಲ್ಲ. ಇದೊಂದೇ."

"ಹೌದಾ?" ಎಂದರು ಡಾಕ್ಟರು. "ಯಾರೋ ಎರಡಿದೆ ಅಂದಿದ್ರು. ಮುಂದಿನ ಭಾನುವಾರ ನಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಬರ್ತೀನಿ. ಈ ಕಡೆ ಒಂದು ಸುತ್ತು ವಿಚಾರಿಸ್ತೀನಿ ಕೂಡ."

ಆ ಕೊನೆಯ ಮಾತು ಗುದ್ದಪ್ಪನ ತಲೆಯಲ್ಲಿ ಕೂತುಬಿಟ್ಟಿತು. ವಿಚಾರಿಸಿದರೆ ಬ್ಯಾಟರಿ ಅಂಗಡಿಯವನೇ ಬೆರಳು ಮಾಡಿ ತೋರಿಸುತ್ತಾನೆ. ತಾನು ಸುಳ್ಳುಗಾರ, ಕಾರು ಅಗ್ಗ, ಬೂತು ಮಣ್ಣುಪಾಲು. ಹಸಿರು ಗುಜರಿಯಾದರೆ ಮಾತ್ರ ಉಳಿಯುವುದು ಕೆಂಪೊಂದೇ.

ಶುಕ್ರವಾರ ಮಧ್ಯಾಹ್ನ ಚಿಕ್ಕವನು ಅಂಗಡಿಯೊಳಗೆ ಡಬ್ಬಿ ಬಿಚ್ಚಿ ಕೂತಿದ್ದಾಗ ಗುದ್ದಪ್ಪ ದೊಡ್ಡ ಸಮ್ಮಟಿಗೆ ಹಿಡಿದು ಹಿಂದಿನಿಂದ ಹೋದ. ಟಾರ್ಪಾಲು ಎಳೆದ. ಮೊದಲ ಏಟಿಗೆ ಮುಂದಿನ ಗಾಜು ಕುಸಿಯಿತು. ಎರಡು ದೀಪಗಳೂ ಹೋದವು. ಬಾನೆಟ್ ಎತ್ತಿ, ಎಂಜಿನ್ನಿಗೆ ಕಾಲು ಕೊಟ್ಟು ಬಗ್ಗಿ, ಗೇರ್‌ಬಾಕ್ಸಿನ ಮೇಲೆ ಹೊಡೆದ. ಎರಕದ ಅಲ್ಯೂಮಿನಿಯಂ ಮಡಕೆಯ ಹಾಗೆ ಬಿರಿದು ಕಪ್ಪು ಎಣ್ಣೆ ನೆಲಕ್ಕೆ ಸುರಿಯಿತು. ತಗಡನ್ನು ಹೇಗೆ ಉಳಿಸಬೇಕೆಂದು ಬಲ್ಲವನು, ಎಲ್ಲಿ ಹೊಡೆದರೆ ಉಳಿಯದು ಎಂಬುದನ್ನೂ ಬಲ್ಲವನಾಗಿದ್ದ.

ಸದ್ದಿಗೆ ಚಿಕ್ಕವನು ಎಂಜಲು ಕೈಯಲ್ಲೇ ಓಡಿಬಂದ. ಬರುವಾಗ ವೀಲ್ ಸ್ಪ್ಯಾನರ್ ಎತ್ತಿಕೊಂಡಿದ್ದ. ಒಂದು ಮಾತೂ ಆಡದೆ ಬೀಸಿದ. ಏಟು ಅಣ್ಣನ ಬಲಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ಬಾಗಿಲ ಬಳಿ ನಿಂತಿದ್ದ ಗಿರಾಕಿಗೂ ಕೇಳಿಸಿತು. ಗುದ್ದಪ್ಪ ಸಮ್ಮಟಿಗೆಯನ್ನು ಎಡಗೈಗೆ ತೆಗೆದುಕೊಂಡ.

"ರೀ, ಬಿಡ್ರೀ! ಒಡಹುಟ್ಟಿದವನು ರೀ!" ಎಂದು ಕೂಗುತ್ತ ಶೆಡ್ಡಿನಿಂದ ಓಡಿಬಂದ ಹೆಂಡತಿ ಅವನನ್ನು ಹಿಂದಿನಿಂದ ತಬ್ಬಿ ಎಳೆದಳು. ಹಿಂದಕ್ಕೆ ಬೀಸಿದ ಸಮ್ಮಟಿಗೆಯ ಹಿಡಿ ಅವಳ ಕುತ್ತಿಗೆಯ ಕೆಳಗಿನ ಮೂಳೆಗೆ ತಾಗಿ ಅವಳು ಅಲ್ಲೇ ಕುಸಿದಳು. ಅವನು ತಿರುಗಿ ನೋಡಲಿಲ್ಲ. ಮುಂದಿನ ಏಟು ತಮ್ಮನ ಹಣೆಯನ್ನು ಸವರಿಕೊಂಡು ಹೋಯಿತು, ಕಣ್ಣು ತುಂಬ ರಕ್ತ. ಅಮ್ಮ ಬಂದು ಗಾಜಿನ ಚೂರುಗಳ ಮೇಲೆ ಬರಿಗಾಲಲ್ಲಿ ಇಬ್ಬರ ನಡುವೆ ನಿಂತಳು.

"ಹೊಡೀರೋ. ನಿಮ್ಮಪ್ಪ ಬಾಕಿ ಬಿಟ್ಟಿದ್ದು ನನ್ನ ಜೀವ ಒಂದೇ. ಹೊಡೀರಿ."

ಆಮೇಲೆ ನಿಂತಿತು.

ಆಸ್ಪತ್ರೆಯಲ್ಲಿ ಮೂವರೂ ಮೆಟ್ಟಿಲಿಂದ ಬಿದ್ದೆವು ಎಂದರು. ಹೊಲಿಗೆ ಹಾಕುತ್ತಿದ್ದ ನರ್ಸ್ ತಲೆ ಎತ್ತದೆ, "ಒಟ್ಟಿಗೇ ಬಿದ್ರಾ?" ಎಂದು ಕೇಳಿದಳು.

ಭಾನುವಾರ ಡಾಕ್ಟರು ಮೆಕ್ಯಾನಿಕ್ ಜೊತೆ ಬಂದರು. ಕೆಂಪು ಕಾರು ಮಿರುಗುತ್ತಿತ್ತು. ಗುದ್ದಪ್ಪನ ಬಲಗೈ ಹೆಗಲವರೆಗೆ ಪ್ಲಾಸ್ಟರಿನಲ್ಲಿತ್ತು. ಮೆಕ್ಯಾನಿಕ್ ಓಣಿಯಲ್ಲಿ ಒಂದು ಸುತ್ತು ಓಡಿಸಿ ಬಂದ.

"ಸೆಕೆಂಡ್ ಗೇರ್ ಜಾರುತ್ತೆ. ಮುಂದಿನ ಗಾಜಲ್ಲಿ ಕೂದಲೆಳೆ ಬಿರುಕಿದೆ. ಹೆಡ್‌ಲೈಟ್ ಬೇರೆ ಕಾರಿಂದು. ಬಿಡಿಭಾಗ ಎಲ್ಲಿಂದ ತರೋದು ಸಾರ್?"

ಡಾಕ್ಟರು ಗುದ್ದಪ್ಪನ ಕಡೆ ತಿರುಗಿದರು. "ಅದಕ್ಕೇ ಅವತ್ತು ಕೇಳಿದ್ದು. ಎರಡೂ ಸಿಕ್ಕಿದ್ರೆ ಜೋಡಿಯಾಗಿ ತಗೊಳ್ಳೋಣ ಅಂತಾನೇ ಬಂದಿದ್ದೆ. ಒಂದು ಓಡಿಸೋಕೆ, ಒಂದು ಬಿಚ್ಚೋಕೆ. ಒಂಟಿ ಕಾರನ್ನ ಇಟ್ಕೊಂಡು ಏನ್ಮಾಡ್ಲಿ? ಒಂದು ಗಾಜು ಹೋದ್ರೆ ಮೂಲೇಲಿ ನಿಲ್ಸಬೇಕು."

ಹಣೆಗೆ ಪಟ್ಟಿ ಕಟ್ಟಿಕೊಂಡು ಎದುರಿನ ಬ್ಯಾಟರಿ ಅಂಗಡಿಯ ಮುಂದೆ ಟೈರುಗಳ ಮೇಲೆ ಕೂತಿದ್ದ ಚಿಕ್ಕವನಿಗೆ ಎಲ್ಲವೂ ಕೇಳಿಸಿತು. ಒಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕ, ನಗುನಗುತ್ತ ಹೊಲಿಗೆಯನ್ನು ಕೈಯಿಂದ ಒತ್ತಿ ಹಿಡಿದ.

"ಆ ಬಾನೆಟ್ ಮಾತ್ರ ಕೊಡೋ ಹಾಗಿದ್ರೆ ಹೇಳಿ," ಎಂದರು ಡಾಕ್ಟರು, ಬರಿಗೈಯಲ್ಲಿ ಹೋಗುವುದು ಬೇಡವೆಂದು. "ಚೆನ್ನಾಗಿದೆ. ಕ್ಲಿನಿಕ್ ಗೋಡೆಗೆ ಹಾಕ್ತೀನಿ."

ಗುದ್ದಪ್ಪ ಎಡಗೈಯಲ್ಲಿ ಸುತ್ತಿಗೆ ಎತ್ತಿದ. ಮೆಕ್ಯಾನಿಕ್ ಡಾಕ್ಟರನ್ನು ಹಿಂದಕ್ಕೆ ಎಳೆದುಕೊಂಡ.

"ಹೊಡಿ ಅಣ್ಣ," ಎಂದ ಚಿಕ್ಕವನು, ಎಷ್ಟೋ ವರ್ಷದ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು. "ಎಡಗೈಲೂ ಬರುತ್ತೋ ನೋಡೋಣ."

ಏಟು ಬಾನೆಟ್ಟಿನ ನಡುಮಧ್ಯಕ್ಕೆ ಬಿತ್ತು. ಕೆಂಪು ಬಣ್ಣ ಸಿಡಿದು ತಗಡು ಬೋಗುಣಿಯ ಹಾಗೆ ತಗ್ಗಾಯಿತು. ಡಾಕ್ಟರು ತಮ್ಮ ಕಾರಿನ ಕಡೆ ಬೇಗಬೇಗ ನಡೆದರು.

ಆ ತಗ್ಗನ್ನು ಎಬ್ಬಿಸಲು ಎರಡು ಕೈ ಬೇಕು. ಒಂದು ಕಡೆಯಿಂದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಕಡೆಯಿಂದ ತಟ್ಟಬೇಕು. ಮರುದಿನ ಗುದ್ದಪ್ಪ ಬಾನೆಟ್ ಬಿಚ್ಚಿ ಬೆಂಚಿನ ಮೇಲೆ ಇಟ್ಟುಕೊಂಡ. ಮೊಣಕೈ ಇನ್ನು ಸುತ್ತಿಗೆ ಎತ್ತಲಾರದು ಎಂದು ಆಸ್ಪತ್ರೆಯವರು ಹೇಳಿಯಾಗಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿಯನ್ನು ಕರೆದ.

"ಬಾ ಇಲ್ಲಿ. ಈ ಗಟ್ಟಿ ಹಿಡ್ಕೊ."

ಅವಳ ಒಂದು ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು, ಇನ್ನೊಂದು ಚೆನ್ನಾಗೇ ಇತ್ತು.

"ನನ್ನ ಕೈಲಾಗಲ್ಲ," ಎಂದಳು. ಎದ್ದು ಅತ್ತೆಯ ಜೊತೆ ಓಣಿಯ ಆ ತುದಿಗೆ, ಚಿಕ್ಕವನ ಊಟದ ಡಬ್ಬಿ ಕೊಡಲು ಹೊರಟಳು.

ಗುದ್ದಪ್ಪ ಒಬ್ಬನೇ, ಆಸರೆಯಿಲ್ಲದ ತಗಡನ್ನು ಎಡಗೈಯಲ್ಲಿ ತಟ್ಟತೊಡಗಿದ. ಪ್ರತಿ ಏಟಿಗೂ ಅದು ಇನ್ನಷ್ಟು ಸೊಟ್ಟಗಾಗುತ್ತಿತ್ತು.