ಕಟ್ಟಿ ಕೊಯ್ದ ತಂತಿ

ಬೇಸ್ ಗಿಟಾರಿನ ತಂತಿ ಸುಲಭಕ್ಕೆ ಕಡಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸೈಕಲ್ಲಿನ ಬ್ರೇಕ್ ವಾಯರಿನಷ್ಟು ದಪ್ಪ, ಕಡಿಯುವುದಾದರೂ ಹೇಗೆ? ನನ್ನ ಕೈಯಲ್ಲಿ ಕಡಿಯಿತು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ, ಮುದ್ದೇಬಿಹಾಳದ ಒಂದು ಮದುವೆ, ಸಂಜೆ ಐದರ ಹೊತ್ತು. ಅವತ್ತು ನಾನು ಮುಂಜಾನೆಯಿಂದ ಬಹಳ ಸಂಗತಿಗಳ ಬಗ್ಗೆ ಚಿಂತೆ ಮಾಡಿದ್ದೆ. ಕರೆಂಟ್ ಹೋದರೆ ಏನು, ಗಾಳಿಗೆ ಹಂದರ ಹಾರಿದರೆ ಏನು, ತಂಗಡಗಿಯಿಂದ ಬರುವ ಬೀಗರು ತಡ ಮಾಡಿದರೆ ಏನು. ತಂತಿಯ ಚಿಂತೆ ಒಂದನ್ನು ಮರೆತಿದ್ದೆ. ನಾನು ಯಾವುದನ್ನು ಚಿಂತಿಸಲು ಮರೆಯುತ್ತೇನೋ ಅದೇ ಆಗುತ್ತದೆ. ಅಂದಿನಿಂದ ಒಂದನ್ನೂ ಬಿಡದೆ ಚಿಂತಿಸುವ ರೂಢಿ ಹತ್ತಿತು. ಐವತ್ತು ದಾಟಿದರೂ ಬಿಟ್ಟಿಲ್ಲ.

ಒಂದು ತಂತಿ ಕಡಿದೊಡನೆ ಉಳಿದ ಮೂರೂ ಶ್ರುತಿ ಬಿಟ್ಟವು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ನನ್ನ ಬಾರಿಸುವಿಕೆ ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಹಾಡುವವ ಹಾಡಿದ, ಢೋಲಕ್ ನಡೆಯಿತು, ಮಂದಿ ಚಪ್ಪಾಳೆ ತಟ್ಟಿದರು. ನಾನು ಮೂರು ಹಾಡು ಸುಮ್ಮನೆ ಬೆರಳಾಡಿಸುತ್ತ ನಿಂತೆ. ನಾಲ್ಕನೆಯ ಹಾಡಿಗೆ ನಮ್ಮ ಆರ್ಕೆಸ್ಟ್ರಾದ ಯಜಮಾನರು ತಿರುಗಿ ನೋಡಿದರು.

ಅವರು ಸಿಂದಗಿಯಲ್ಲಿ ಟೇಲರು. ಹಗಲೆಲ್ಲ ಹೊಲಿಗೆ ಮಷಿನು, ಸಂಜೆಗೆ ಹಾರ್ಮೋನಿಯಂ. ಎರಡಕ್ಕೂ ಕೈಕಾಲು ಒಂದೇ ತಾಳದಲ್ಲಿ ಆಡಬೇಕು ಎನ್ನುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರ ಎಂದು ಕರೆಯುತ್ತಿದ್ದೆವು. ಸೊಲ್ಲಾಪುರದ ಒಂದು ತಂಡ ಮುಚ್ಚಿದಾಗ ಅದರ ಹಳೆಯ ವಾದ್ಯಗಳನ್ನು ಒಟ್ಟಿಗೆ ತಂದಿದ್ದರು. ಅದರಲ್ಲಿ ಈ ಬೇಸ್ ಗಿಟಾರ್ ಒಂದು. ಯಾರಿಗೂ ಬೇಡವಾಗಿತ್ತು. ಇಂಡಿ ಊರಿನ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಹಾಡುತ್ತೇನೆ ಎಂದು ಹೋದವ. ಅರ್ಧ ಹಾಡು ಕೇಳಿದ ಮಾಸ್ತರು ನನ್ನ ಕೈಗೆ ಗಿಟಾರ್ ಕೊಟ್ಟು, "ಇದಕ್ಕ ನಾಕ ತಂತಿ ಅದಾವ. ನಿಮಗ ಹೊಂದತೈತಿ," ಅಂದಿದ್ದರು.

ಮುದ್ದೇಬಿಹಾಳದಿಂದ ಹೊರಡುವಾಗ ಟೆಂಪೋದ ಬಾಗಿಲಲ್ಲಿ ನಿಂತು ಅವರು ಮಾತು ತೆಗೆದರು.

"ಕ್ಲಾರ್ಕ್ ಸಾಹೇಬ್ರ, ಖರೇ ಹೇಳ್ರಿ. ತಂತಿ ಎಷ್ಟನೇ ಹಾಡಿಗೆ ಕಡೀತು?"

"ಮೊದಲನೇದಕ್ಕರಿ."

"ಮತ್ತ ಎರಡು, ಮೂರು?"

"ಬಾರಿಸಿದಂಗ ಮಾಡಿದೆ."

"ಅದ ಹೇಳಾಕತ್ತೇನಿ. ನೀವು ಬಾರಿಸಿದ್ರೂ ಅಷ್ಟ, ಬಾರಿಸಿದಂಗ ಮಾಡಿದ್ರೂ ಅಷ್ಟ. ಸಿಂದಗಿಯಾಗ ಒಬ್ಬಾಂವ ಅಕಾರ್ಡಿಯನ್ ಹಿಡಕೊಂಡು ದಿನಾ ನನ್ನ ಅಂಗಡಿ ಮುಂದ ಕುಂದರತಾನ. ಟೆಂಪೋದಾಗ ಇರೂದು ಆರ ಜಾಗ. ಬಾಗೇವಾಡಿ ಮದಿವಿಗೆ ಹದಿನೈದು ದಿನ ಐತಿ. ನಿಮ್ಮ ಗಿಟಾರ್ ಮಂದಿಗೆ ಕೇಳಸ್ತಂದ್ರ ನೀವು. ಇಲ್ಲಂದ್ರ ಅಂವ."

ಬಸವನ ಬಾಗೇವಾಡಿಯ ಆ ಮದುವೆಯಲ್ಲಿ ನನ್ನ ಜಾಗ ಉಳಿಯುತ್ತದೋ ಇಲ್ಲವೋ ಎಂಬುದು ನಾಲ್ಕು ತಂತಿಯ ಮೇಲೆ ನಿಂತಿತು. ಜಗತ್ತಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಆದರೆ ಕಚೇರಿಯಲ್ಲಿ ಇಡೀ ದಿನ ಬೇರೆಯವರ ಪಹಣಿ ನಕಲು ಮಾಡುವ ನನಗೆ ನನ್ನದು ಎನ್ನುವ ಸಪ್ಪಳ ಇದ್ದದ್ದು ಅದೊಂದೇ.

ಇಂಡಿಯಲ್ಲಿ ಸಲಹೆಗೆ ಬರವಿಲ್ಲ. ಸೈಕಲ್ ರಿಪೇರಿಯವ ಬ್ರೇಕ್ ವಾಯರ್ ಹಾಕಿಕೊಟ್ಟ. ಬಾರಿಸಿದರೆ ಸೈಕಲ್ ಬ್ರೇಕ್ ಹಿಡಿದಂತೆಯೇ ಕಿರ್ರೆಂದಿತು. ಅವನಿಗೆ ಅದು ಬಹಳ ಸೇರಿತು. ಭಜನೆ ಮೇಳದ ಹಿರಿಯರು ತಮ್ಮ ಏಕತಾರಿಯ ತಂತಿ ತೋರಿಸಿ, "ನಾವು ಒಂದರಾಗ ಸಂಸಾರ ಮಾಡತೀವಿ, ನಿಮಗ ಯಾಕ ನಾಕು?" ಎಂದರು. ಕೊನೆಗೆ ಒಂದು ರವಿವಾರ, ಕಡಿದ ತಂತಿಯನ್ನು ಸುತ್ತಿ ಬುತ್ತಿಯ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಮೇಲಿಟ್ಟುಕೊಂಡು, ಝಳಕಿಗೆ ಹೋಗಿ ಸೊಲ್ಲಾಪುರದ ಬಸ್ ಹಿಡಿದೆ.

ವಾದ್ಯದ ಅಂಗಡಿಯವರು ವಯಸ್ಸಾದವರು, ಅರ್ಧ ಮರಾಠಿ ಅರ್ಧ ಕನ್ನಡ. ನಾನು ಕೊಟ್ಟ ತಂತಿಯನ್ನು ಮೂಸಿ ನೋಡಿ, "ಇದಕ್ಕ ಶೇಂಗಾ ಹಿಂಡಿ ವಾಸನಿ ಬರ್ತದ," ಎಂದರು. ಆಮೇಲೆ ಎರಡು ಪಾಕೀಟು ತಂದು ಗಾಜಿನ ಮೇಲಿಟ್ಟರು.

"ಎರಡರಾಗೂ ಒಳಗ ಒಂದು ತಂತಿ, ಅದರ ಮ್ಯಾಲೆ ಇನ್ನೊಂದು ತಂತಿ ಸುತ್ತಿರ್ತಾರ. ಇದರಾಗ ಸುತ್ತಿದ್ದು ಚಪ್ಪಟಿ ಪಟ್ಟಿ. ಮುಟ್ಟಿ ನೋಡ್ರಿ."

ನುಣುಪಾಗಿತ್ತು, ಹೊಸ ಬಳೆಯಂತೆ.

"ಮೆತ್ತಗಿನ ಧ್ವನಿ. ಬೆರಳಿಗೆ ತ್ರಾಸಿಲ್ಲ, ವರ್ಷಗಟ್ಟಲೆ ಬಾಳ್ತದ. ಇನ್ನೊಂದರಾಗ ಸುತ್ತಿದ್ದು ದುಂಡ ತಂತಿ. ಅದನ್ನ ಮುಟ್ಟ್ರಿ."

ಅರದಂತೆ ಒರಟು. ಬೆರಳು ಎಳೆದರೆ ಝರ್ ಎಂದಿತು.

"ಬೆರಳ ಕೆತ್ತತದ, ಗಿಟಾರಿನ ಕುತ್ತಿಗಿ ಮ್ಯಾಲಿನ ಮೆಟ್ಟಿಲಾನೂ ಸವಸತದ. ಖರೇ, ಧ್ವನಿ ಎದ್ದು ಬರ್ತದ. ನಿಮ್ಮ ಸಪ್ಪಳ ಯಾರಿಗೆ ಕೇಳಬೇಕಾಗ್ಯದ್ರಿ?"

"ಒಬ್ಬ ಟೇಲರಿಗೆ."

ಅವರು ಎರಡೂ ಪಾಕೀಟನ್ನು ನನ್ನ ಕಡೆ ಸರಿಸಿದರು. ನಾನು ಚಪ್ಪಟೆಯದನ್ನೇ ಕಟ್ಟಿಸಿಕೊಂಡೆ. ಯಾರ ಕಣ್ಣಿಗೂ ಬೀಳದೆ, ಯಾರಿಗೂ ತ್ರಾಸು ಕೊಡದೆ ವರ್ಷಗಟ್ಟಲೆ ಬಾಳುವುದು ನನ್ನ ಸ್ವಭಾವಕ್ಕೂ ನನ್ನ ನೌಕರಿಗೂ ಒಪ್ಪುವ ಮಾತು. ಬಸ್ ನಿಲ್ದಾಣದ ತನಕ ಹೋದೆ. ಬಸ್ಸಿನಲ್ಲಿ ಕುಳಿತೆ ಕೂಡ. ಆಗ ಟೆಂಪೋದ ಆರನೆಯ ಜಾಗದಲ್ಲಿ ತೊಡೆಯ ಮೇಲೆ ಅಕಾರ್ಡಿಯನ್ ಇಟ್ಟುಕೊಂಡು ಕುಳಿತವನೊಬ್ಬ ಕಣ್ಣ ಮುಂದೆ ಬಂದ. ಇಳಿದು, ಚಪ್ಪಟೆಯದನ್ನು ಬದಲಿಸಿಕೊಳ್ಳಲು ಅಂಗಡಿಗೆ ತಿರುಗಿ ಬಂದೆ. ಮುದುಕರು ಒರಟು ತಂತಿಯ ಪಾಕೀಟನ್ನು ಒಳಗಿಟ್ಟೇ ಇರಲಿಲ್ಲ.

"ಬರ್ತೀರಿ ಅಂತ ಗೊತ್ತಿತ್ತು," ಎಂದರು. "ಆದ್ರ ಇವು ಉದ್ದ ಗಿಟಾರಿನವು. ನಿಮ್ಮದು ಗಿಡ್ಡ ಅದ. ತುದಿ ಕೊಯ್ಯಬೇಕಾಗ್ತದ. ಸಾವಕಾಶ ಕೊಯ್ರಿ."

ಅವರು ಎಚ್ಚರದಿಂದ ಎಂಬ ಅರ್ಥದಲ್ಲಿ ಸಾವಕಾಶ ಎಂದರು; ನಾನು ನಿಧಾನ ಎಂದು ತಿಳಿದೆ. ನಿಧಾನಕ್ಕೆ ನನ್ನನ್ನು ಮೀರಿಸುವವರಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಹಾಸಿದ ಜಮಖಾನದ ಮೇಲೆ ಗಿಟಾರ್ ಮಲಗಿಸಿ, ಹಳೆಯ ತಂತಿಗಳನ್ನು ಬಿಚ್ಚಿ ಹಿತ್ತಲ ಗೂಟಕ್ಕೆ ತೂಗುಹಾಕಿದೆ. ಹೊಸದರಲ್ಲಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ತೆಗೆದು, ದಾರದಿಂದ ಎರಡು ಸಲ ಅಳೆದು, ಸೀಸದಕಡ್ಡಿಯಿಂದ ಗುರುತು ಮಾಡಿ, ಇಕ್ಕಳದಿಂದ ಕತ್ತರಿಸಿದೆ. ಕಚೇರಿಯ ಕಾಗದದಷ್ಟು ನೀಟಾಗಿ ತುಂಡಾಯಿತು. ಬಿರಡೆಗೆ ಸುತ್ತಿ, ತಿರುವಿ ಬಿಗಿ ಮಾಡಿ, ಮೀಟಿದೆ.

ದಬ್.

ಮತ್ತೆ ಮೀಟಿದೆ. ತೊಯ್ದ ಗೋಣಿಚೀಲಕ್ಕೆ ಗುದ್ದಿದಂತೆ, ದಬ್. ಕೊಯ್ದ ತುದಿಯಲ್ಲಿ ಮೇಲಿನ ಸುತ್ತು ಸಡಿಲಾಗಿ ಬಿಚ್ಚಿಕೊಂಡು, ಒಳಗಿನ ತಂತಿಯ ಮೇಲೆ ಉದ್ದಕ್ಕೂ ಜಾರಾಡುತ್ತಿತ್ತು. ಒಳಗೊಂದು, ಹೊರಗೊಂದು, ಎರಡಕ್ಕೂ ಸಂಬಂಧವಿಲ್ಲ. ಸೊಲ್ಲಾಪುರಕ್ಕೆ ಇನ್ನೊಮ್ಮೆ ಹೋಗಲು ರಜೆ ಇರಲಿಲ್ಲ, ಇದ್ದ ಒಂದನ್ನು ಮದುವೆಗೆ ಹಾಕಿದ್ದೆ. ಮದುವೆ ಆ ಶುಕ್ರವಾರ.

ನಮ್ಮಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮೋರಟಗಿಯ ಒಕ್ಕಲು ಮನೆಯ ಮಗಳು. ಗಿಟಾರಿನ ಬಗ್ಗೆ ಅಲ್ಲಿಯವರೆಗೆ ಅವಳು ಆಡಿದ್ದು ಒಂದೇ ಮಾತು: "ಅದನ್ನ ಜ್ವಾಳದ ಚೀಲದ ಮ್ಯಾಲ ಇಡಬ್ಯಾಡ್ರಿ."

"ಕಟ್ಟದ ಕೊಯ್ದ್ರೇನು?" ಎಂದಳು.

"ಏನ ಕಟ್ಟೂದು?"

"ಹಗ್ಗ ಯಾರರ ಹಂಗ ಕೊಯ್ತಾರೇನ್ರಿ? ನಮ್ಮಪ್ಪ ಪುಂಡಿನಾರಿಂದು ಹಗ್ಗ ಹೊಸಿತಾನ. ಕೊಯ್ಯೂ ಜಾಗದ ಆ ಕಡಿ ಒಂದು, ಈ ಕಡಿ ಒಂದು ದಾರ ಬಿಗದ ಮ್ಯಾಲ ಕುಡಗೋಲು ಹಚ್ಚತಾನ. ಇಲ್ಲಂದ್ರ ಹುರಿ ಬಿಚ್ಚಿ ಓಡತೈತಿ. ಹೊಲಕ್ಕ ಹೋಗೂ ಸಣ್ಣ ಹುಡುಗೂರಿಗೂ ಗೊತ್ತೈತಿ ಇದು."

"ನಾ ಹೊಲಕ್ಕ ಹೋದಾಂವಲ್ಲ."

"ಕಾಣತೈತಿ."

ಅವಳು ಗಲ್ಲಿಯ ಮಗ್ಗಲು ಮನೆಯಿಂದ ರವಿಕೆ ಹೊಲಿಯುವ ಕೆಂಪು ದಾರ ತಂದಳು. ದಾರಕ್ಕೆ ಮೇಣ ತಿಕ್ಕಿದಳು. ಉಳಿದ ಮೂರು ತಂತಿಗಳಿಗೆ ನಾನು ಗುರುತು ಮಾಡಿದ ಜಾಗದ ಎರಡೂ ಬದಿಗೆ, ಒಂದರ ಮಗ್ಗಲು ಒಂದು, ಸಂದಿಲ್ಲದಂತೆ ಇಪ್ಪತ್ತು ಸುತ್ತು ಸುತ್ತಿ, ತುದಿಯನ್ನು ಸುತ್ತಿನ ಕೆಳಗೇ ಎಳೆದು ಬಿಗಿದಳು. ಗಂಟು ಎಲ್ಲಿಯೂ ಕಾಣುತ್ತಿರಲಿಲ್ಲ. "ಈಗ ಕೊಯ್ರಿ." ಕೊಯ್ದೆ. ಬಿಚ್ಚಲಿಲ್ಲ. ಬಿರಡೆಗೆ ಹಾಕಿ ಮೀಟಿದಾಗ ಬಂದ ನಾದ ಕೇಳಿ ನಾನೇ ಹೆದರಿದೆ. ಜಮಖಾನದಡಿಯ ನೆಲ ಗುಂಯ್ ಎಂದಿತು.

ಆದರೂ ದಪ್ಪ ತಂತಿಯ ಜಾಗ ಖಾಲಿ. ಅದಿಲ್ಲದೆ ಬೇಸ್ ಗಿಟಾರಿಗೆ ತಳವೇ ಇಲ್ಲ. ನನ್ನ ಚಿಂತೆಯನ್ನು ನಾನು ವಿವರವಾಗಿ ಹೇಳತೊಡಗಿದೆ. ಅವಳು ಪೂರ್ತಿ ಕೇಳಲಿಲ್ಲ. ಹಿತ್ತಲಿಗೆ ಹೋಗಿ, ಗೂಟಕ್ಕೆ ತೂಗುಹಾಕಿದ ಹಳೆಯ ದಪ್ಪ ತಂತಿಯನ್ನು ತಂದು ಬೆಳಕಿಗೆ ಹಿಡಿದಳು.

"ಇದು ಕಡದಿಲ್ಲಲ್ಲ?"

"ಕಡದಿಲ್ಲ, ಸತ್ತೈತಿ. ಧ್ವನಿ ಇಲ್ಲ."

"ಸತ್ತಿಲ್ಲ, ಹೊಲಸಾಗೈತಿ. ಸುತ್ತಿನ ಸಂದ್ಯಾಗ ನಿಮ್ಮ ಬೆವರು, ಎಣ್ಣಿ, ಹಿಂಡಿ, ಎಲ್ಲಾ ಐತಿ. ತುಪ್ಪದ ಗಡಿಗಿ ಹೆಂಗ ತೊಳೀತಾರ?"

ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಆ ಸಂಜೆ ನಮ್ಮ ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ಒಗೆಯುವ ಸೋಡಾ ಹಾಕಿದ ನೀರು, ಅದರೊಳಗೆ ಸುರುಳಿ ಸುತ್ತಿದ ಬೇಸ್ ಗಿಟಾರಿನ ತಂತಿ ಅರ್ಧ ತಾಸು ಕುದಿಯಿತು. ಸಕ್ಕರೆ ಕೇಳಲು ಬಂದ ಮಗ್ಗಲು ಮನೆಯಾಕೆ ಪಾತ್ರೆಯೊಳಗೆ ಇಣುಕಿ, "ಏನ ಪಲ್ಯ ಇದು?" ಎಂದಳು. "ಅವರದು ಆರ್ಕೆಸ್ಟ್ರಾ," ಎಂದಳು ನಮ್ಮಾಕಿ. ನೀರು ಕಂದು ಬಣ್ಣಕ್ಕೆ ತಿರುಗಿತು. ಮರುದಿನ ಬಿಸಿಲಿಗೆ ಚೊಕ್ಕ ಒಣಗಿಸಿ ಹಾಕಿದೆವು. ಹೊಸದರಷ್ಟು ಹೊಳಪಿಲ್ಲ, ಆದರೆ ಧ್ವನಿ ತಿರುಗಿ ಬಂದಿತ್ತು, ಜ್ವರ ಬಿಟ್ಟವರದು ಬಂದಂತೆ.

ಬಾಗೇವಾಡಿಯಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಊಟದ ಪಂಕ್ತಿ ಕುಳಿತ ಮೇಲೆ ನಾವು ಶುರು ಮಾಡಬೇಕು. ಮಾಸ್ತರು ವೇದಿಕೆಯ ಮೇಲೆ ಹಾರ್ಮೋನಿಯಂ ತೆಗೆಯುವ ಮೊದಲು ನನ್ನ ಗಿಟಾರಿನ ತಲೆ ಹಿಡಿದು ನೋಡಿದರು. ಬಿರಡೆಯ ಬುಡದಲ್ಲಿ ಮೂರು ತಂತಿಗೆ ಕೆಂಪು ದಾರ. ಕನ್ನಡಕ ಹಣೆಗೇರಿಸಿ, ಉಗುರಿನಿಂದ ಕೆರೆದು ನೋಡಿದರು.

"ಯಾರ ಸುತ್ಯಾರಿದು?"

"ನಮ್ಮಾಕಿ."

"ನೀವಲ್ಲ ಅನ್ನೂದು ಗೊತ್ತಾತು. ಗಂಟ ಎಲ್ಲೈತಿ?"

"ಒಳಗೈತ್ರಿ."

ಅವರು ಹೂಂ ಎಂದು ಹೋಗಿ ಕುಳಿತರು. ನಾನು ಗಿಟಾರಿನ ವಾಯರನ್ನು ಸ್ಪೀಕರಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಮೊದಲ ಹಾಡು ಹಿಡಿದೆವು. ಬೆರಳ ತುದಿ ಉರಿಯುತ್ತಿತ್ತು, ಅರದ ಮೇಲೆ ಓಡಾಡಿದಂತೆ. ನಾನು ಮಂದಿಯನ್ನು ನೋಡಿದೆ. ಊಟ ಮಾಡುವವರು ಊಟ ಮಾಡುತ್ತಿದ್ದರು. ಎರಡನೆಯ ಹಾಡು ಮುಗಿಯಿತು. ಯಾರೂ ತಲೆ ಎತ್ತಲಿಲ್ಲ. ಮೂರನೆಯದರ ನಡುವೆ, ಸೊಂಟಕ್ಕೆ ಟಾವೆಲ್ ಕಟ್ಟಿದ ಅಡುಗೆಯವರು ಸೌಟು ಹಿಡಿದುಕೊಂಡೇ ವೇದಿಕೆಗೆ ಬಂದರು.

"ಅದೇನ್ರಿ ಅದು ಗುಂಯ್ ಗುಂಯ್ ಅನ್ನೂದು? ತಗಡಿನ ಛಪ್ಪರೆಲ್ಲ ನಡಗಾಕತ್ತೈತಿ. ಮಜ್ಜಿಗಿ ಹಂಡೆದಾಗ ತೆರಿ ಏಳಾಕತ್ತಾವು. ಅದನ್ನೊಂದ ತಟಗು ಸಣ್ಣ ಮಾಡ್ರಿ."

ನನ್ನ ಬಗ್ಗೆ ಯಾರಾದರೂ ತಕರಾರು ಹೇಳಿದರೆ ವಾರಗಟ್ಟಲೆ ಅನ್ನ ಇಳಿಯದ ಮನುಷ್ಯ ನಾನು. ಅವತ್ತು ಆ ಸೌಟಿಗೆ ಕೈ ಮುಗಿಯಬೇಕು ಅನಿಸಿತು. ಮಾಸ್ತರು ಬಾರಿಸುತ್ತಲೇ ಬಗ್ಗಿ ಹೇಳಿದರು, "ಹಂಡೆ ಆ ಕಡಿ ಸರಸ್ರಿ, ಯಜಮಾನ್ರ. ಇದು ಹಿಂಗ ಇರತೈತಿ."

ಕಾರ್ಯಕ್ರಮ ಮುಗಿದು ಸಾಮಾನು ಏರಿಸುವಾಗ ನಾನು ಟೆಂಪೋದ ಹತ್ತಿರ ವಾಯರು ಸುತ್ತುತ್ತ ನಿಂತಿದ್ದೆ. ಮಾಸ್ತರು ನನ್ನ ಗಿಟಾರನ್ನು ಮೊದಲು ಒಳಗಿಟ್ಟು, ಅದರ ಮೇಲೆ ತಮ್ಮ ಶಾಲು ಹೊದಿಸಿದರು.

"ಅಕಾರ್ಡಿಯನ್ನಿನಾಂವಗ ಏನ ಹೇಳ್ತೀರಿ?" ಎಂದೆ ಕೊನೆಗೆ.

"ಏನ ಹೇಳೂದು, ಟೆಂಪೋದಾಗ ಜಾಗ ಇಲ್ಲ ಅಂತ ಹೇಳೂದು. ಹತ್ರಿ. ಮತ್ತ ನೋಡ್ರಿ, ನನ್ನ ಅಂಗಡ್ಯಾಗ ಕಾಜಾ ಹೊಲ್ಯಾಕ ಮಂದಿ ಬೇಕಾಗ್ಯಾರ. ನಿಮ್ಮ ಮನಿಯವರನ್ನ ಕೇಳ್ರಿ. ನೀವು ಬ್ಯಾಡ."

ಇಂಡಿಗೆ ಬರುವ ದಾರಿಯುದ್ದಕ್ಕೂ ನಾನು ಹೊಸ ಚಿಂತೆ ಹಚ್ಚಿಕೊಂಡೆ: ಕುದಿಸಿದ ತಂತಿ ಎಷ್ಟು ದಿನ ಬಾಳಬಹುದು, ಉರಿಯುವ ಬೆರಳಿನಿಂದ ನಾಳೆ ಪೆನ್ನು ಹಿಡಿಯುವುದು ಹೇಗೆ, ನಮ್ಮಾಕಿ ಸಿಂದಗಿಯ ಕೆಲಸಕ್ಕೆ ಹೂಂ ಅಂದರೆ ಮುಂದೆ ನನ್ನ ತಂತಿ ಸುತ್ತುವವರು ಯಾರು. ಆದರೆ ಅವತ್ತಿನ ಚಿಂತೆಗಳೆಲ್ಲ ಇನ್ನೊಂದು ಮದುವೆ ಇದೆ ಎಂದುಕೊಂಡೇ ಹುಟ್ಟಿದವು.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ನಮ್ಮಾಕಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಹೇಗಾಯಿತು ಎಂದು ಕೇಳಲಿಲ್ಲ. ಮಂದಿಗೆ ಕೇಳಿಸಿತೋ ಎಂದೂ ಕೇಳಲಿಲ್ಲ.

"ಬಿಚ್ಚಿತೇನು?" ಎಂದಳು.

"ಇಲ್ಲ," ಎಂದೆ.

"ಹಂಗಿದ್ರ ಕೈ ತೊಕ್ಕೊಂಡು ಬರ್ರಿ," ಎಂದು ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.